ಐದನೆಯ ಬ್ಯಾಟರಿಯ ವಿಚಾರ

ಕಲಾ ವಿಭಾಗದಲ್ಲಿ ಓದುವವನಿಗೆ ವಿದ್ಯುತ್ ಮೋಟಾರಿನ ಗೊಡವೆ ಏತಕ್ಕೆ ಎಂದು ಈ ಬರಹವನ್ನು ಕಂಡೊಡನೆ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಒಮ್ಮೆ ಕಣ್ಣಾಡಿಸಿದವರಿಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಅಲ್ಲಿ ನಿಂತಿರುವ ವಾಹನಗಳಲ್ಲಿ ವಿದ್ಯುತ್ ಬೈಕುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಬಸ್ಸು ಸರಿಯಾಗಿ ಬಾರದ ಹಳ್ಳಿಗಳಿಂದ ಬರುವ ಮಿತ್ರರಿಗೂ, ತರಗತಿ ಮುಗಿದ ಮೇಲೆ ಮನೆಮನೆಗೆ ಊಟ, ದಿನಸಿ ತಲಪಿಸಿ ನಾಲ್ಕು ಕಾಸು ಸಂಪಾದಿಸುವ ಮಿತ್ರರಿಗೂ ಅವೇ ಆಧಾರ. ಮೋಟಾರಿನ ವಿದ್ಯೆ ನಮ್ಮ ಪಠ್ಯದಲ್ಲಿಲ್ಲದಿರಬಹುದು. ಆದರೆ ಮೋಟಾರು ನಮ್ಮ ಬಾಳಿನೊಳಕ್ಕೆ ಬಂದಾಗಿದೆ. ಬಂದ ಅತಿಥಿಯ ಗುಣಸ್ವಭಾವಗಳನ್ನು ಅರಿತುಕೊಳ್ಳುವುದು ಮನೆಯವರ ಕರ್ತವ್ಯವಷ್ಟೆ.

ಪ್ರಕೃತ ನಾನು ಬರೆಯಹೊರಟಿರುವುದು ಈ ವಾಹನಗಳ ವಿಷಯದಲ್ಲಿ ಎಲ್ಲೆಡೆಯೂ ಹಬ್ಬಿರುವ ಒಂದು ರೂಢಿಯನ್ನು ಕುರಿತು. ಮಂದಗತಿಯ ವಿದ್ಯುತ್ ಬೈಕುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಸೀಸ-ಆಮ್ಲ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ನಾಲ್ಕೂ ಕೂಡಿ 48 ವೋಲ್ಟು. ಗಂಟೆಗೆ 25 ಕಿ.ಮೀ. ವೇಗಕ್ಕೆ ಬೇಸತ್ತವರು ಮೆಕ್ಯಾನಿಕ್ಕಿನ ಬಳಿಗೆ ಹೋಗಿ ಐದನೆಯ ಬ್ಯಾಟರಿಯೊಂದನ್ನು ಕಾಲಿಡುವ ಹಲಗೆಯ ಮೇಲೋ ಸೀಟಿನ ಕೆಳಗೋ ಇಡಿಸಿ, ಅದೇ ಸಾಲಿಗೆ ಸೇರಿಸಿಕೊಂಡು ಬರುತ್ತಾರೆ. 48 ವೋಲ್ಟಿನ ಮೋಟಾರು ಈಗ 60 ವೋಲ್ಟಿನಲ್ಲಿ ಓಡುತ್ತದೆ. ಒಂದು ಘಂಟೆಯ ಕೆಲಸ. ಒಂದು ಬ್ಯಾಟರಿಯ ಬೆಲೆ. ಬೈಕು ಮಾತ್ರ ಹೊಸ ಹುರುಪಿನಿಂದ ಚಿಮ್ಮುತ್ತದೆ. ಇದಕ್ಕಿಂತ ಅಗ್ಗದ ಸುಖ ಬೇರೊಂದಿಲ್ಲವೆಂದು ಮಿತ್ರರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಫಲಕದ ಮೇಲೆ ಬರೆದ ವೋಲ್ಟಿಗಿಂತ ಕೂದಲೆಳೆಯಷ್ಟು ಹೆಚ್ಚಿಸಿದರೂ ಮೋಟಾರು ಸುಟ್ಟು ಬೂದಿಯಾಗುವುದೆಂದು ಒಂದು ಪಕ್ಷ. ಅದೆಲ್ಲ ಕಂಪನಿಯವರು ಹುಟ್ಟಿಸಿದ ಗುಮ್ಮ, ಏನೂ ಆಗದೆಂದು ಇನ್ನೊಂದು ಪಕ್ಷ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಅರ್ಧಸತ್ಯಗಳು. ಹೆದರಿಸುವವರು ಮೋಟಾರಿಗೆ ಅನ್ಯಾಯ ಮಾಡುತ್ತಾರೆ. ಧೈರ್ಯ ಹೇಳುವವರು ಮನುಷ್ಯನಿಗೆ ಅನ್ಯಾಯ ಮಾಡುತ್ತಾರೆ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಸಾವಧಾನವಾಗಿ ವಿಚಾರ ಮಾಡಬೇಕು.

ಮೊದಲು ಮೋಟಾರಿನ ಪರವಾಗಿ ಹೇಳಬೇಕಾದ ಮಾತು. ಇಂಥ ಮೋಟಾರಿನಲ್ಲಿ ವೋಲ್ಟೇಜಿನ ಕೆಲಸವೇ ಬೇರೆ, ಪ್ರವಾಹದ ಕೆಲಸವೇ ಬೇರೆ. ಚಕ್ರ ಎಷ್ಟು ವೇಗವಾಗಿ ತಿರುಗಬಲ್ಲುದೆಂಬುದನ್ನು ವೋಲ್ಟೇಜು ನಿರ್ಧರಿಸುತ್ತದೆ. ಎಷ್ಟು ಬಲವಾಗಿ ಎಳೆಯಬಲ್ಲುದೆಂಬುದನ್ನು ಆಂಪಿಯರುಗಳಲ್ಲಿ ಅಳೆಯುವ ಪ್ರವಾಹ ನಿರ್ಧರಿಸುತ್ತದೆ. ತಾಮ್ರದ ಸುರುಳಿಯನ್ನು ಕಾಯಿಸುವುದು ಈ ಎರಡನೆಯದು. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ವೋಲ್ಟೇಜು ಹೆಚ್ಚಿದ ಮಾತ್ರಕ್ಕೆ ಸುರುಳಿ ಸುಡುವುದಿಲ್ಲ.

ಹಳ್ಳಿಯಿಂದ ಬಂದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಬೋರ್‌ವೆಲ್ಲುಗಳ ಪಂಪ್‌ಸೆಟ್ಟು ಸುಟ್ಟುಹೋಗುವುದು ಯಾವಾಗ? ವೋಲ್ಟೇಜು ಏರಿದಾಗಲಿಗಿಂತ ಇಳಿದಾಗಲೇ ಹೆಚ್ಚು. ವೋಲ್ಟೇಜು ಕುಗ್ಗಿದರೂ ನೀರನ್ನೆತ್ತುವ ಹೊರೆ ಕುಗ್ಗದು. ಆದುದರಿಂದ ಮೋಟಾರು ಹೆಚ್ಚು ಪ್ರವಾಹವನ್ನೆಳೆದುಕೊಂಡು ಕಾಯುತ್ತದೆ. ರೈತ ಅದನ್ನು ಹೊತ್ತುಕೊಂಡು ರಿವೈಂಡಿಂಗ್ ಅಂಗಡಿಯ ಬಾಗಿಲು ಕಾಯುತ್ತಾನೆ. ಪಂಪಿನ ಮೋಟಾರಿನ ಜಾತಿ ಬೇರೆ, ಬೈಕಿನ ಮೋಟಾರಿನ ಜಾತಿ ಬೇರೆ ನಿಜ. ಆದರೂ ಸುಡುವುದು ಪ್ರವಾಹವೇ ಹೊರತು ವೋಲ್ಟೇಜಲ್ಲವೆಂಬ ತತ್ತ್ವ ಎರಡಕ್ಕೂ ಒಂದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುಚ್ಛಕ್ತಿಯನ್ನು ಸಾಗಿಸಿದಾಗ ವೋಲ್ಟೇಜನ್ನು ಬಹಳ ಎತ್ತರಕ್ಕೇರಿಸಿಯೇ ಸಾಗಿಸಿದರು. ಅಷ್ಟೇ ಶಕ್ತಿಯನ್ನು ಕಡಮೆ ಪ್ರವಾಹದಲ್ಲಿ ಒಯ್ದರೆ ತಂತಿಯಲ್ಲಿ ಶಾಖವಾಗಿ ಸೋರಿಹೋಗುವುದು ಕಡಮೆ. ಹಾಗಾಗಿ ಹೆಚ್ಚು ವೋಲ್ಟೇಜನ್ನು ಒಂದು ಪಾಪವೆಂಬಂತೆ ಕಾಣುವುದು ಸರಿಯಲ್ಲ.

ಹಾಗಾದರೆ ಮೋಟಾರಿನ ಮೈಮೇಲಿನ ಅಂಕಿಗೆ ಅರ್ಥವೇನು? ಅದು ವೇದವಾಕ್ಯವಲ್ಲ, ಆದರೆ ಗೋಡೆಯ ಮೇಲಿನ ಜಾಹೀರಾತೂ ಅಲ್ಲ. ಅದು ಶಾಖಕ್ಕೂ ಕಾಲಕ್ಕೂ ಸಂಬಂಧಪಟ್ಟ ಒಂದು ಒಪ್ಪಂದ. ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಇಂಥ ಬೈಕಿನ ಶಕ್ತಿಯನ್ನು ಅಳೆಯುವುದು ‘ಮೂವತ್ತು ನಿಮಿಷದ ಶಕ್ತಿ’ಯ ಲೆಕ್ಕದಲ್ಲಿ. ಕ್ಷಣಮಾತ್ರ ಎಷ್ಟು ಎಳೆಯಿತೆಂಬುದು ಅಲ್ಲಿ ಮುಖ್ಯವಲ್ಲ. ಅರ್ಧ ಘಂಟೆ ಎಡೆಬಿಡದೆ ದುಡಿದರೂ ಎಷ್ಟನ್ನು ತಾಳಿಕೊಳ್ಳಬಲ್ಲುದೆಂಬುದು ಮುಖ್ಯ. ಎತ್ತು ಒಂದು ಏರನ್ನು ಹತ್ತಲು ತನ್ನ ಶಕ್ತಿಮೀರಿ ಜಗ್ಗಬಹುದು. ಹಾಗೆಂದು ದಿನವಿಡೀ ಅದೇ ಹೊರೆಯನ್ನು ಅದರ ಹೆಗಲಿಗೆ ಹಾಕುವ ಒಕ್ಕಲಿಗನನ್ನು ಯಾರೂ ಮೆಚ್ಚರು.

ಚಕ್ರದ ನಡುವೆಯೇ ಕುಳಿತಿರುವ ಹಬ್ ಮೋಟಾರಿನದು ಇನ್ನೂ ಒಂದು ಕಷ್ಟ. ಕಾಯುವ ಸುರುಳಿ ಒಳಗೆ. ಗಾಳಿ ತಾಗುವ ಕವಚ ಹೊರಗೆ. ನಡುವೆ ತೆಳುವಾದ ಗಾಳಿಯ ಸಂದು. ಒಳಗಿನ ಬಿಸಿ ಹೊರಗೆ ಬರಲು ದಾರಿಯೇ ಕಿರಿದು. ತಾಮ್ರವು ಕಾದಂತೆಲ್ಲ ಅದರ ಪ್ರತಿರೋಧವೂ ಒಂದೊಂದು ಡಿಗ್ರಿಗೆ ಸುಮಾರು 0.39 ಶೇಕಡದಂತೆ ಏರುತ್ತದೆ. 100 ಡಿಗ್ರಿ ಏರಿದಾಗ ಅದೇ ಪ್ರವಾಹಕ್ಕೆ ಸುಮಾರು 39 ಶೇಕಡ ಹೆಚ್ಚು ಶಾಖ ಹುಟ್ಟುತ್ತದೆ. ಸುರುಳಿಯ ಮೇಲಿನ ಹೊದಿಕೆಗೂ ಮೇರೆಯುಂಟು. ‘ಬಿ’ ವರ್ಗದ ಹೊದಿಕೆ 130 ಡಿಗ್ರಿಯವರೆಗೆ, ‘ಎಫ್’ ವರ್ಗದ್ದು 155 ಡಿಗ್ರಿಯವರೆಗೆ ತಾಳುತ್ತದೆ. ಮೇರೆಯನ್ನು 10 ಡಿಗ್ರಿ ಮೀರಿದರೆ ಹೊದಿಕೆಯ ಆಯುಸ್ಸು ಅರ್ಧವಾಗುವುದೆಂಬುದು ಇಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಸ್ಥೂಲ ಲೆಕ್ಕ. ಅಯಸ್ಕಾಂತಗಳ ಪಾಡೂ ಅಂತೆಯೇ. ಸಾಮಾನ್ಯ ದರ್ಜೆಯ ನಿಯೊಡಿಮಿಯಂ ಅಯಸ್ಕಾಂತ ಸುಮಾರು 80 ಡಿಗ್ರಿ ದಾಟಿದರೆ ತನ್ನ ಸತ್ತ್ವವನ್ನು ಕಳೆದುಕೊಳ್ಳತೊಡಗುತ್ತದೆ. ಮತ್ತೆ ತಣ್ಣಗಾದರೂ ಹೋದ ಸತ್ತ್ವ ಪೂರ್ತಿಯಾಗಿ ಮರಳದು. ಇಲ್ಲೊಂದು ಮೋಸವಿದೆ. ಅಯಸ್ಕಾಂತ ಬಲಗುಂದಿದ ಮೋಟಾರು, ಹೊರೆಯಿಲ್ಲದಾಗ ಮೊದಲಿಗಿಂತಲೂ ವೇಗವಾಗಿ ತಿರುಗುತ್ತದೆ! ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ತಿರುಗಿಸಿ ನೋಡಿದವನು ಮೋಟಾರು ಪಳಗಿತೆಂದು ಹಿಗ್ಗುತ್ತಾನೆ. ಏರು ಬಂದಾಗ ಮಾತ್ರ ಅದು ಏದುಸಿರು ಬಿಡುತ್ತ ಇನ್ನಷ್ಟು ಪ್ರವಾಹವನ್ನು ಬೇಡುತ್ತದೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ವೋಲ್ಟೇಜು ತಾನಾಗಿ ಸುಡುವುದಿಲ್ಲವಾದರೆ, ಐದನೆಯ ಬ್ಯಾಟರಿ ಹಾಕಿದ ಮೋಟಾರು ಕಾಯುವುದೇಕೆ? ಉತ್ತರ ಸರಳವಾಗಿದೆ: ನಾವು ಆ ವೋಲ್ಟೇಜಿನಿಂದ ವೇಗವನ್ನು ವಸೂಲು ಮಾಡುತ್ತೇವೆ, ವೇಗಕ್ಕೆ ಗಾಳಿ ತೆರಿಗೆ ಹಾಕುತ್ತದೆ. ಗಾಳಿಯ ಎದುರೊತ್ತು ವೇಗದ ವರ್ಗಕ್ಕನುಸಾರವಾಗಿ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕನುಸಾರವಾಗಿ ಏರುತ್ತದೆ. ಬೈಕೂ ಸವಾರನೂ ಕೂಡಿ 150 ಕಿಲೋ ಎಂದಿಟ್ಟುಕೊಂಡು, ಗಾಳಿಗೂ ಟಯರಿಗೂ ಸಾಧಾರಣವಾದ ಬೆಲೆಗಳನ್ನು ಹಿಡಿದು ನಾನು ಲೆಕ್ಕ ಹಾಕಿದೆ. ಸಮನೆಲದಲ್ಲಿ 25 ಕಿ.ಮೀ. ವೇಗಕ್ಕೆ ಬೇಕಾಗುವುದು ಸುಮಾರು 243 ವ್ಯಾಟು. ಐದನೆಯ ಬ್ಯಾಟರಿ ಕೊಡುವ 31 ಕಿ.ಮೀ. ವೇಗಕ್ಕೆ ಬೇಕಾಗುವುದು ಸುಮಾರು 389 ವ್ಯಾಟು. ವೇಗ ಹೆಚ್ಚಿದ್ದು ಕಾಲುಭಾಗ. ಶಕ್ತಿ ಹೆಚ್ಚಿದ್ದು ಅರ್ಧಕ್ಕಿಂತಲೂ ಮಿಗಿಲು. ಎಳೆತ ಹೆಚ್ಚಿದುದರಿಂದ ಸುರುಳಿಯ ಪ್ರವಾಹವೂ ಹೆಚ್ಚಿ, ತಾಮ್ರದ ಶಾಖ 60 ಶೇಕಡಕ್ಕಿಂತ ಮೇಲೇರುತ್ತದೆ. ವೇಗದೊಡನೆ ಕಬ್ಬಿಣದ ಭಾಗಗಳಲ್ಲಿ ಹುಟ್ಟುವ ಶಾಖ ಇದಕ್ಕೆ ಸೇರಿದ್ದು.

ಇನ್ನೂ ವಿನೋದದ ಸಂಗತಿಯೊಂದಿದೆ. ಐದನೆಯ ಬ್ಯಾಟರಿಯಿಂದ ಸಂಗ್ರಹದ ಶಕ್ತಿ 25 ಶೇಕಡ ಹೆಚ್ಚಿತು. ಆದರೆ ಒಂದೊಂದು ಕಿ.ಮೀ.ಗೆ ತಗಲುವ ಶಕ್ತಿ ಸುಮಾರು 28 ಶೇಕಡ ಹೆಚ್ಚಿತು. ಎಂದರೆ ಬ್ಯಾಟರಿ ಕೊಂಡವನು ಒಂದು ಮಾರು ದೂರವನ್ನೂ ಕೊಳ್ಳಲಿಲ್ಲ. ಕೊಂಡದ್ದೆಲ್ಲವನ್ನೂ ಗಾಳಿಗೆ ಒಪ್ಪಿಸಿದನು. ಕಾಲೇಜಿಗೆ 6 ಕಿ.ಮೀ. ದೂರವಿದ್ದರೆ ಅವನಿಗೆ ಉಳಿದ ಸಮಯ ಮೂರು ನಿಮಿಷಕ್ಕೂ ಕಡಮೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ವ್ಯಾಪಾರ ಲಾಭದ್ದೆಂದು ತೋರುವುದಿಲ್ಲ.

ಮೋಟಾರಿಗಿಂತ ಮೊದಲೇ ಕೈಕೊಡುವ ಅಂಗಗಳು ಬೇರೆ ಇವೆ. ಮೊದಲನೆಯದು ಕಂಟ್ರೋಲರು. 48 ವೋಲ್ಟಿನ ಎಷ್ಟೋ ಕಂಟ್ರೋಲರುಗಳಲ್ಲಿ 63 ವೋಲ್ಟನ್ನು ಮಾತ್ರ ತಾಳುವ ಕೆಪಾಸಿಟರುಗಳಿರುತ್ತವೆ. ಪೂರ್ತಿ ಚಾರ್ಜಾದ ಐದು ಸೀಸ-ಆಮ್ಲ ಬ್ಯಾಟರಿಗಳು ಸುಮ್ಮನಿದ್ದಾಗಲೇ ಸುಮಾರು 64 ವೋಲ್ಟು ತೋರಿಸುತ್ತವೆ. ಎರಡನೆಯದು ಬ್ಯಾಟರಿಯೇ. ಹಳೆಯ ನಾಲ್ಕರ ಸಾಲಿಗೆ ಹೊಸದೊಂದನ್ನು ಸೇರಿಸಿದರೆ ಐದೂ ಒಂದೇ ಹೆಜ್ಜೆ ಹಾಕುವುದಿಲ್ಲ. ಸಾಲಿನಲ್ಲಿ ಬಲಹೀನವಾದುದು ಪೂರ್ತಿ ಬರಿದಾಗಿ ಬೇಗ ಸಾಯುತ್ತದೆ. ಮೂರನೆಯದು ಚಾರ್ಜರು. ಲಿಥಿಯಂ ಬ್ಯಾಟರಿಯ ವಿಷಯದಲ್ಲಂತೂ ಇಲ್ಲಿ ಚೆಲ್ಲಾಟ ಸಲ್ಲದು. 36 ವೋಲ್ಟಿನ ಲಿಥಿಯಂ ಬ್ಯಾಟರಿ 42 ವೋಲ್ಟಿಗೆ ತುಂಬುತ್ತದೆ. 48 ವೋಲ್ಟಿನದು ಸಾಮಾನ್ಯವಾಗಿ 54.6 ವೋಲ್ಟಿಗೆ. ಒಂದರ ಚಾರ್ಜರನ್ನು ಮತ್ತೊಂದಕ್ಕೆ ಸಿಕ್ಕಿಸುವುದೆಂದರೆ ಬೆಂಕಿಯನ್ನು ಮನೆಗೆ ಕರೆದಂತೆ. ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ ಲಿಥಿಯಂ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಗೆ 18 ಮಂದಿ ಬಲಿಯಾದರು. ಅವೆಲ್ಲವೂ ವೋಲ್ಟೇಜು ಏರಿಸಿದ ಬೈಕುಗಳಿಂದಾದುವೆಂದು ನಾನು ಹೇಳುವುದಿಲ್ಲ. ಬ್ಯಾಟರಿಯೊಡನೆ ಆಡುವ ಆಟ ಎಂಥದೆಂಬುದನ್ನು ತೋರಿಸಲು ಅದೊಂದು ಉದಾಹರಣೆ ಸಾಕು.

ಇಷ್ಟಾದರೂ ಇವೆಲ್ಲ ಬೈಕಿನ ಒಡೆಯನ ನಷ್ಟಗಳು. ತನ್ನ ಮೋಟಾರು, ತನ್ನ ಹಣ, ತನ್ನಿಷ್ಟ ಎಂದು ಅವನು ಹೇಳಿದರೆ ನಾವು ಸುಮ್ಮನಿರಬಹುದಾಗಿತ್ತು. ಆದರೆ ಬೀದಿ ಅವನೊಬ್ಬನದಲ್ಲ. ಮೋಟಾರಿಗೆ ಐದನೆಯ ಬ್ಯಾಟರಿ ಬಂದಿತು. ಬ್ರೇಕಿಗೆ ಏನು ಬಂದಿತು? ಅದು 25 ಕಿ.ಮೀ. ವೇಗಕ್ಕೆಂದು ಕೂಡಿಸಿದ ಬ್ರೇಕು. ಸವಾರನು ಅಪಾಯವನ್ನು ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡು ತೆಗೆದುಕೊಳ್ಳುವನೆಂದೂ, ಬ್ರೇಕು ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆಯೆಂದೂ ಭಾವಿಸೋಣ. 25 ಕಿ.ಮೀ. ವೇಗದ ಬೈಕು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 31 ಕಿ.ಮೀ. ವೇಗದ್ದು ನಿಲ್ಲಲು ಸುಮಾರು 18 ಮೀಟರು ಬೇಕು. ಐದು ಮೀಟರು ತಾನೆ ಎಂದು ನಗಬೇಡಿ. ಮೊದಲನೆಯ ಬೈಕು ಪೂರ್ತಿ ನಿಂತಿರುವ ಆ ಜಾಗದಲ್ಲಿ ಎರಡನೆಯದು ಇನ್ನೂ ಸುಮಾರು 23 ಕಿ.ಮೀ. ವೇಗದಲ್ಲಿ ಮುಂದುವರಿಯುತ್ತಿರುತ್ತದೆ. ಆ ಜಾಗದಲ್ಲಿ ಪ್ರಾಥಮಿಕ ಶಾಲೆಯ ಮಗುವೊಂದು ರಸ್ತೆ ದಾಟುತ್ತಿದ್ದರೆ, ಒಬ್ಬ ಸವಾರನು ಅದಕ್ಕೆ ದಾರಿ ಬಿಡುತ್ತಾನೆ. ಇನ್ನೊಬ್ಬನು ಅದಕ್ಕೆ ಡಿಕ್ಕಿ ಹೊಡೆಯುತ್ತಾನೆ. ಇವರಿಬ್ಬರಲ್ಲಿ ಎಚ್ಚರದಲ್ಲಾಗಲಿ ಸ್ವಭಾವದಲ್ಲಾಗಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಸೀಟಿನ ಕೆಳಗಿನ ಒಂದು ಬ್ಯಾಟರಿಯಲ್ಲಿ.

ಕಾನೂನಿನ ಮಾತನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. ಮೂವತ್ತು ನಿಮಿಷದ ಶಕ್ತಿ 250 ವ್ಯಾಟಿನ ಮಿತಿಯೊಳಗೆ, ವೇಗ 25 ಕಿ.ಮೀ. ಮಿತಿಯೊಳಗೆ ಇದ್ದು ಇತರ ಷರತ್ತುಗಳನ್ನೂ ಪೂರೈಸಿದ ಬೈಕನ್ನು ನಮ್ಮ ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನೋಂದಣಿ ಬೇಡ, ಲೈಸೆನ್ಸು ಬೇಡ, ವಿಮೆ ಬೇಡ. ಇದು ದೊಡ್ಡ ಸೌಲಭ್ಯ. ಬಡ ವಿದ್ಯಾರ್ಥಿಗೆ ಈ ಬೈಕು ಎಟಕಿದುದೇ ಇದರಿಂದ. ಆದರೆ ಮಿತಿಯನ್ನು ದಾಟಿದ ಮರುಕ್ಷಣ ಅದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನವಾಗುತ್ತದೆ. ಅಪಘಾತವಾದರೆ ಪರಿಹಾರ ಕೊಡಲು ವಿಮಾ ಕಂಪನಿಯಿಲ್ಲ. ಸವಾರನ ಮನೆಯವರ ಹೊಲಮನೆ ಮಾರಬೇಕು, ಇಲ್ಲವೆ ಪೆಟ್ಟು ತಿಂದವನು ಬರಿಗೈಯಲ್ಲಿ ಕೂರಬೇಕು. 2022ರ ಮೇ ತಿಂಗಳಲ್ಲಿ ನೆರೆಯ ಮಹಾರಾಷ್ಟ್ರದ ಸಾರಿಗೆ ಇಲಾಖೆ ಹೀಗೆ ಶಕ್ತಿ, ವೇಗಗಳನ್ನು ಏರಿಸಿದ ಬೈಕುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಆಜ್ಞೆ ಮಾಡಿತು. ಕೆಲವರ ಚಪಲಕ್ಕಾಗಿ ಎಲ್ಲರ ಸೌಲಭ್ಯಕ್ಕೇ ಕುತ್ತು ಬರಬಹುದೆಂಬುದನ್ನು ನಾವು ಮರೆಯಬಾರದು.

ಚಪಲವೆಂದೆ. ಆದರೆ ಎಲ್ಲರದೂ ಚಪಲವಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಸಂಜೆಯಿಂದ ನಡುರಾತ್ರಿಯವರೆಗೆ ಮನೆಮನೆಗೆ ಸಾಮಾನು ಒಯ್ಯುವ ಮಿತ್ರನಿಗೆ ಕೂಲಿ ಬರುವುದು ಸುತ್ತುಗಳ ಎಣಿಕೆಯ ಮೇಲೆ, ಘಂಟೆಗಳ ಎಣಿಕೆಯ ಮೇಲಲ್ಲ. ಒಂದೊಂದು ಸುತ್ತಿನಲ್ಲಿ ಮೂರು ನಿಮಿಷ ಉಳಿದರೆ ರಾತ್ರಿಗೆ ಒಂದೆರಡು ಸುತ್ತು ಹೆಚ್ಚು. ತಿಂಗಳ ಕೊನೆಗೆ ಹಾಸ್ಟೆಲಿನ ಊಟದ ಖರ್ಚು. ಅವನಿಗೆ ‘ನಿಧಾನವೇ ಪ್ರಧಾನ’ ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರಿಗೆ ಸುಲಭ. ನಾನು ಹೇಳುವುದಿಷ್ಟೆ: ವೇಗದ ಲಾಭದಲ್ಲಿ ದೊಡ್ಡ ಪಾಲು ಬೇಗ ಊಟ ತರಿಸಿಕೊಂಡವರಿಗೂ ತರಿಸಿಕೊಟ್ಟ ಕಂಪನಿಗೂ ಹೋಗುತ್ತದೆ, ಸುಟ್ಟ ಮೋಟಾರು, ಮುರಿದ ಕಾಲು, ಪೋಲೀಸಿನ ದಂಡ ಮಾತ್ರ ಅವನೊಬ್ಬನ ಪಾಲಿಗೆ ಬರುತ್ತವೆ. ಲಾಭವನ್ನು ಹಂಚಿಕೊಂಡು ಅಪಾಯವನ್ನು ಹಂಚಿಕೊಳ್ಳದ ಏರ್ಪಾಡು ನ್ಯಾಯವಾದುದಲ್ಲ. 2025ರಲ್ಲಿ ನಮ್ಮ ರಾಜ್ಯ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆ ಮಾಡಿರುವುದು ಸಂತೋಷದ ಸಂಗತಿ. ಆದರೆ ಸುತ್ತಿನ ಲೆಕ್ಕದಲ್ಲೇ ಕೂಲಿ ಕೊಡುತ್ತಿರುವವರೆಗೆ ಐದನೆಯ ಬ್ಯಾಟರಿಯ ಆಸೆಯನ್ನು ಯಾವ ಕಾಯಿದೆಯೂ ಪೂರ್ತಿ ಅಳಿಸಲಾರದು.

ಇನ್ನೊಂದು ಆಕ್ಷೇಪಣೆಯುಂಟು. ಹೆದ್ದಾರಿಯಲ್ಲಿ ಲಾರಿ ಬಸ್ಸುಗಳ ನಡುವೆ 25 ಕಿ.ಮೀ. ವೇಗದಲ್ಲಿ ತೆವಳುವುದೂ ಅಪಾಯವಲ್ಲವೆ ಎನ್ನುತ್ತಾರೆ. ಈ ಮಾತಿನಲ್ಲಿ ತಿರುಳಿದೆ. ಅದಕ್ಕೆ ಉತ್ತರ ಕಳ್ಳತನದ ವೇಗವಲ್ಲ; ಒಪ್ಪಿತವಾದ ನಡುವಣ ದಾರಿ. ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ದೇಶಗಳಲ್ಲಿ 25 ಕಿ.ಮೀ.ವರೆಗಿನ ಪೆಡಲ್ ಬೈಕನ್ನು ಸೈಕಲಿನಂತೆ ಬಿಟ್ಟುಕೊಟ್ಟು, 45 ಕಿ.ಮೀ.ವರೆಗೆ ಓಡುವುದಕ್ಕೆ ಬೇರೊಂದು ವರ್ಗವನ್ನು ಮಾಡಿದ್ದಾರೆ. ಅದಕ್ಕೆ ನಂಬರ್ ಪ್ಲೇಟು ಬೇಕು, ಹೆಲ್ಮೆಟ್ಟು ಬೇಕು, ಲೈಸೆನ್ಸು ಬೇಕು. ವೇಗ ಬೇಕಾದವನು ಹೊಣೆಯನ್ನೂ ಹೊರಬೇಕು. ಹೊರಲು ಸಿದ್ಧನಾದವನಿಗೆ ಬಾಗಿಲು ತೆರೆದಿರಬೇಕು. ನಮ್ಮಲ್ಲಿ ಮಿತಿಯನ್ನು ದಾಟಿದ ಬೈಕು ದೊಡ್ಡ ಸ್ಕೂಟರಿನ ಎಲ್ಲ ಕಟ್ಟಳೆಗಳಿಗೂ ಒಮ್ಮೆಗೇ ಒಳಗಾಗಬೇಕಾಗಿರುವುದರಿಂದ ಜನ ಹಿತ್ತಿಲ ಬಾಗಿಲನ್ನು ಹುಡುಕುತ್ತಾರೆ. ಸರಳವೂ ಅಗ್ಗವೂ ಆದ ನಡುವಣ ವರ್ಗವೊಂದನ್ನು ಸರಕಾರ ಏರ್ಪಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದು ಆಗುವವರೆಗೆ ನಾವೇನು ಮಾಡಬಹುದು? ನಮ್ಮ ಕಾಲೇಜಿನಲ್ಲಿ ಪ್ರಯೋಗಶಾಲೆಯಿಲ್ಲ. ಆದರೆ ಊರಿನಲ್ಲಿ ಐ.ಟಿ.ಐ. ಇದೆ. ವರ್ಷಕ್ಕೆ ಎರಡು ದಿನ ಅಲ್ಲಿನ ಶಿಕ್ಷಕರನ್ನೂ ವಿದ್ಯಾರ್ಥಿಗಳನ್ನೂ ಬರಮಾಡಿಕೊಂಡು, ಸ್ಟ್ಯಾಂಡಿನಲ್ಲಿರುವ ಪ್ರತಿಯೊಂದು ವಿದ್ಯುತ್ ಬೈಕಿನ ಬ್ರೇಕು, ತಂತಿ, ಚಾರ್ಜರು, ಕಂಟ್ರೋಲರುಗಳನ್ನು ಪರೀಕ್ಷಿಸುವ ಏರ್ಪಾಡು ಮಾಡಬಹುದು. ದಂಡ ಹಾಕುವುದಕ್ಕಲ್ಲ, ತಿಳಿಯ ಹೇಳುವುದಕ್ಕೆ. ಪ್ರಯೋಗದ ಹಂಬಲವಿರುವ ಮಿತ್ರರು ಸಾರ್ವಜನಿಕ ರಸ್ತೆಯನ್ನು ಬಿಟ್ಟು ಬಯಲಿನಲ್ಲಿ ಪ್ರಯೋಗ ಮಾಡಲಿ. ಸುರುಳಿಯ ಬಳಿ ಶಾಖವನ್ನಳೆಯುವ ಚಿಕ್ಕ ಸಾಧನವೊಂದನ್ನು ಇರಿಸಲಿ; ಹೊಸ ವೋಲ್ಟೇಜಿಗೆ ತಕ್ಕ ಕಂಟ್ರೋಲರನ್ನು ಹಾಕಲಿ; ವೋಲ್ಟು ಏರಿಸಿದಾಗ ಆಂಪಿಯರಿನ ಮಿತಿಯನ್ನು ಇಳಿಸಲಿ; ಎಲ್ಲಕ್ಕಿಂತ ಮೊದಲು ಬ್ರೇಕನ್ನು ಬಲಪಡಿಸಲಿ. ಹೀಗೆ ಕಲಿತವನು ನಾಳೆ ಒಳ್ಳೆಯ ಮೋಟಾರನ್ನೇ ಮಾಡಿಯಾನು. ಯಂತ್ರದ ಮಿತಿಯನ್ನು ಕೆಣಕಿ ನೋಡುವ ಕುತೂಹಲ ಇಲ್ಲದಿದ್ದರೆ ಯಂತ್ರವಿದ್ಯೆ ಇಷ್ಟು ದೂರ ಬರುತ್ತಿರಲಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಅಧ್ಯಾಪಕರಲ್ಲಿಯೂ ಒಂದು ಬಿನ್ನಹವುಂಟು. ಕಲಾ ವಿದ್ಯಾರ್ಥಿಗಳಿಗೆ ವಿಜ್ಞಾನದ ನಾಲ್ಕು ಮಾತುಗಳನ್ನು ಹೇಳುವ ಸಂದರ್ಭ ಬಂದಾಗ ನಕ್ಷತ್ರಮಂಡಲದಿಂದಲೇ ಪ್ರಾರಂಭಿಸಬೇಕಾಗಿಲ್ಲ. ನಮ್ಮ ಸ್ಟ್ಯಾಂಡಿನ ಬೈಕಿನಿಂದಲೂ ಪ್ರಾರಂಭಿಸಬಹುದು. ವೇಗ, ಶಕ್ತಿ, ಶಾಖ, ಕಾನೂನು, ಕೂಲಿ, ಹೊಣೆ — ಇವಿಷ್ಟೂ ಒಂದೇ ಚಕ್ರದಲ್ಲಿ ಸೇರಿಕೊಂಡಿರುವ ಪಾಠ ಬೇರೆಲ್ಲಿ ದೊರಕೀತು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಕಾಲು ಚಾಚಲೇಬೇಕೆಂದಿದ್ದರೆ ಮೊದಲು ಹಾಸಿಗೆಯನ್ನು ಉದ್ದ ಮಾಡಿಕೊಳ್ಳೋಣ. ಅದಕ್ಕೆ ಬೇಕಾದ ತಿಳಿವಳಿಕೆಯೂ ಬ್ರೇಕೂ ಕಾನೂನಿನ ಒಪ್ಪಿಗೆಯೂ ನಮ್ಮಲ್ಲಿ ಕೂಡಿಬರುವ ತನಕ ನಾಲ್ಕು ಬ್ಯಾಟರಿಗಳೇ ಸಾಕು. ಮೂರು ನಿಮಿಷ ತಡವಾಗಿ ತರಗತಿಗೆ ಬಂದವನಿಗೆ ನಮ್ಮ ಅಧ್ಯಾಪಕರು ಹಾಜರಿ ಕೊಡಬಹುದೆಂಬ ನಂಬಿಕೆ ನನಗಿದೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ